ಎಲ್ಲರಿಗೂ ಕಂಡ ಕೆಂಪು

ತೊಗಾಶಿ ಕುನಿಯೊನ ಶವಪೆಟ್ಟಿಗೆಯಲ್ಲಿ ಬಿಳಿ ಹೂವುಗಳ ನಡುವೆ ಒಂದು ಕೆಂಪು ಬಟ್ಟೆಯನ್ನು ಮಡಿಸಿಟ್ಟಿದ್ದರು. ಸಪ್ಪೊರೊದಿಂದ ಬಂದ ನೆಂಟರಿಗೆ ಅದು ಸರಿಕಾಣಲಿಲ್ಲ. ಸಾವಿನ ಮನೆಯಲ್ಲಿ ಕೆಂಪು ಯಾಕೆ ಎಂದು ಒಬ್ಬರು ಮೆಲ್ಲಗೆ ಕೇಳಿಯೂ ಕೇಳಿದರು. ತಮ್ಮ ಶಿನ್‌ಪೇ, "ಇರ್ಲಿ ಬಿಡಿ, ಅಣ್ಣ ಅದನ್ನ ಬಿಟ್ಟು ಹೊರಡೋನಲ್ಲ," ಎಂದಷ್ಟೇ ಹೇಳಿದ. ಶಿರಾನೈ ಬಂದರಿನವರು ಯಾರೂ ಕೇಳಲಿಲ್ಲ. ಆ ಬಟ್ಟೆಯನ್ನು ಅವರೆಲ್ಲ ಒಂದು ಬೆಳಿಗ್ಗೆ ಕಣ್ಣಾರೆ ಕಂಡಿದ್ದರು.

ಕುನಿಯೊ ಹುಡುಗನಾಗಿದ್ದಾಗ ಅಪ್ಪನ ಜೊತೆ ಅಡುಗೆಗೆ ಬಳಸುವ ಕಡಲಪಾಚಿ ಕೀಳಲು ಹೋಗುತ್ತಿದ್ದ. ಹಾಗೆ ಹೋದ ಒಂದು ದಿನ ಅಪ್ಪ ಅವನ ಎದುರೇ ನೀರಿಗೆ ಬಿದ್ದು ಮುಳುಗಿ ತೀರಿಕೊಂಡರು. ದೋಣಿಯೂ ಪಾಚಿ ಕೀಳುವ ಹಕ್ಕೂ ಹಿರಿಮಗನಿಗೆ ಬಂದವು. ಕೆಲವು ವರ್ಷ ಅವನು ಶಿನ್‌ಪೇಯನ್ನು ಕೂರಿಸಿಕೊಂಡು ಚೆನ್ನಾಗಿಯೇ ದುಡಿದ. ಆಮೇಲೆ ಅಪ್ಪನ ದನಿ ಕೇಳತೊಡಗಿತು.

'ಇವತ್ತು ಹೋಗಬೇಡ. ಶಿನ್‌ಪೇನ ಮುಳುಗಿಸ್ತೀಯ.'

ಶಿರಾನೈಯಲ್ಲಿ ಯಾರೂ ತಮಗೆ ತೋಚಿದಾಗ ಪಾಚಿಗೆ ಹೋಗುವಂತಿಲ್ಲ. ನಸುಕಿನಲ್ಲಿ ಹಿರಿಯನೊಬ್ಬ ಗಾಳಿ ನೋಡಿ, ನೀರು ನೋಡಿ, ಕಂಬಕ್ಕೆ ಬಿಳಿ ಬಾವುಟ ಏರಿಸಿದರೆ ಎಲ್ಲ ದೋಣಿಗಳೂ ಒಟ್ಟಿಗೆ ನುಗ್ಗಬೇಕು. ಕೆಂಪು ಕಂಡರೆ ಎಷ್ಟು ದೂರ ಹೋಗಿದ್ದರೂ ತಿರುಗಬೇಕು. ಬಿಳಿ ಏರಿದ ಬೆಳಿಗ್ಗೆಗಳಲ್ಲಿ ಕುನಿಯೊನ ದೋಣಿ ಮಾತ್ರ ದಡದ ಕಲ್ಲುಗಳ ಮೇಲೆ ಮಗುಚಿಕೊಂಡಿರುತ್ತಿತ್ತು. ಅವನು ಮನೆಯೊಳಗೆ ಗೋಡೆಯ ಕಡೆ ತಿರುಗಿ ಅಪ್ಪನನ್ನು ಬೈಯುತ್ತಿದ್ದ. ಬೈದಷ್ಟೂ ದನಿ ಏರುತ್ತಿತ್ತು. ಒಮ್ಮೊಮ್ಮೆ ಇಲ್ಲದ್ದೂ ಕಣ್ಣಿಗೆ ಕಾಣುತ್ತಿತ್ತು. ಆಸ್ಪತ್ರೆ, ಮನೆ, ಮತ್ತೆ ಆಸ್ಪತ್ರೆ. ಮಾತ್ರೆಯಿಂದ ದನಿ ತಗ್ಗಿತು, ಹೋಗಲಿಲ್ಲ.

ಒಂದು ವಸಂತದಲ್ಲಿ ಸಹಕಾರ ಸಂಘದವರು ಬಂದು ಜಗಲಿಯ ತುದಿಯಲ್ಲಿ ಕೂತು, ಈ ಬೇಸಿಗೆಯೂ ದೋಣಿ ಇಳಿಸದಿದ್ದರೆ ಹಕ್ಕು ಬೇರೆಯವರಿಗೆ ಹೋಗುತ್ತದೆ ಎಂದರು. ಸಂಕೋಚದಿಂದಲೇ ಹೇಳಿದರು, ಆದರೆ ಹೇಳಿದರು. ಆ ಹಕ್ಕು ಕಳೆದುಕೊಂಡವನು ಶಿರಾನೈಯಲ್ಲಿ ಇದ್ದೂ ಇಲ್ಲದ ಹಾಗೆ.

ನರ್ಸ್ ಮಿಯಾಬೆ ಅವನನ್ನು ಹಳೆಯ ನೂಡಲ್ ಅಂಗಡಿಯ ಮಹಡಿಗೆ ಕರೆದುಕೊಂಡು ಹೋದದ್ದು ಆಗ. ಅಲ್ಲಿ ಅವನಂಥವರ ಗುಂಪೊಂದು ಕೂಡುತ್ತಿತ್ತು. ಡಾಕ್ಟರು ಕೊಟ್ಟ ಹೆಸರು ಅಲ್ಲಿ ನಡೆಯುವುದಿಲ್ಲ, ಅವರವರ ಕಾಯಿಲೆಗೆ ಅವರವರೇ ಹೆಸರಿಡಬೇಕು. ಹಾಗಿನೊ ಅಜ್ಜಿ ಒಳನಾಡಿನ ಗಣಿ ಊರಿನಿಂದ ಬಂದು ನೆಲೆಸಿದವಳು. ತನ್ನದು 'ಅಟ್ಟಕ್ಕೆ ಬಂದ ನೆಂಟರು ಹೊರಡದ ಕಾಯಿಲೆ' ಎಂದು ಹೇಳಿಕೊಂಡಳು. ಆಮೇಲೆ ಕುನಿಯೊನ ಕಡೆ ತಿರುಗಿದಳು.

"ನಿಮ್ಮಪ್ಪ ಯಾವ ಹೊತ್ತಿಗೆ ಬರ್ತಾರಪ್ಪ?"

"ಬೆಳಿಗ್ಗೆ. ಬಾವುಟ ಏರೋ ಹೊತ್ತಿಗೆ."

"ನೀನು ತಿಂಡಿ ತಿಂದ ಮೇಲೋ, ಮುಂಚೇನೋ?"

ಇದನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಯೋಚಿಸಿ ಹೇಳಿದ, "ಬೆಳಿಗ್ಗೆ ನಾನು ಏನೂ ತಿನ್ನಲ್ಲ."

"ನೋಡಿದ್ರಾ, ಹಸಿದ ಹೊಟ್ಟೆ ನೋಡ್ಕೊಂಡೇ ಬರ್ತಾರೆ. ನಮ್ಮ ಅಟ್ಟದೋರೂ ಹಾಗೇ. ಒಂದು ಬಟ್ಟಲು ಮಿಸೊ ಸಾರು ಕುಡಿದೆ ಅನ್ನು, ಅರ್ಧ ಜನ ಎದ್ದು ಹೋಗ್ತಾರೆ."

ಮಹಡಿಯಲ್ಲಿದ್ದವರೆಲ್ಲ ನಕ್ಕರು. ಕುನಿಯೊನೂ ನಕ್ಕ. ಅಪ್ಪನ ದನಿಯ ವಿಷಯಕ್ಕೆ ನಗಬಹುದು ಎಂಬುದೇ ಅವನಿಗೆ ಆವರೆಗೆ ಹೊಳೆದಿರಲಿಲ್ಲ. ಆ ದಿನ ಅವನು ತನ್ನ ಕಾಯಿಲೆಗೆ ಹೆಸರಿಟ್ಟ: 'ಅಲೆ ಬರುವ ಮುಂಚೆಯೇ ಮುಳುಗುವ ಕಾಯಿಲೆ, ಹಸಿದಾಗ ಜಾಸ್ತಿ'.

ಬೇಸಿಗೆ ಹತ್ತಿರ ಬಂದಂತೆ ಅದೇ ಮಹಡಿಯಲ್ಲಿ ದೋಣಿ ಇಳಿಸುವ ತಾಲೀಮು ಶುರುವಾಯಿತು. ಎರಡು ಬೆಂಚು ಸೇರಿಸಿದರೆ ದೋಣಿ. ಬಟ್ಟೆ ಒಣಹಾಕುವ ಬಿದಿರು ಪಾಚಿ ಸುತ್ತುವ ಗಳು. ಅಪ್ಪನ ಪಾತ್ರ ಹಾಗಿನೊ ಅಜ್ಜಿಗೆ.

"ವಾಪಸ್ ಬಾರೋ ಕುನಿಯೊ. ತಮ್ಮನ್ನ ಮುಳುಗಿಸ್ತೀಯ."

"ಬಾಯಿ ಮುಚ್ಚು ಮುದುಕ."

"ಬೈದ್ರೆ ನಾನು ಹೋಗಲ್ಲ ಕಣೋ, ನನಗೂ ಹಟ ಬರುತ್ತೆ." ಅಜ್ಜಿ ಕಾಲು ಮಡಚಿ ಇನ್ನೂ ಭದ್ರವಾಗಿ ಕೂತಳು. "ಮರ್ಯಾದೆ ಕೊಟ್ಟು ಕಳಿಸು."

ಕುನಿಯೊ ಗಳು ಕೆಳಗಿಟ್ಟು ಅಜ್ಜಿಯ ಕಡೆ ತಿರುಗಿದ. "ಅಪ್ಪ, ನೀವು ಹೇಳಿದ್ದು ಕೇಳಿಸ್ತು. ನನಗೆ ಕೆಲಸ ಇದೆ. ನೀವು ಮನೆಗೆ ನಡೀರಿ."

"ಹೀಗ್ ಹೇಳಿದ್ರೆ ಯೋಚನೆ ಮಾಡ್ಬಹುದು," ಎಂದಳು ಅಜ್ಜಿ.

ಒಂದು ಸಂಜೆ ಶಿನ್‌ಪೇಯೂ ಬಂದು ಬೆಂಚಿನ ಹಿಂತುದಿಯಲ್ಲಿ ಕೂತ. ಅಜ್ಜಿ ತನ್ನ ಮಾತು ಶುರುಮಾಡುವ ಮೊದಲೇ ಅವನು, "ಅಣ್ಣ, ನನಗೆ ಈಜು ಬರುತ್ತೆ," ಎಂದ.

"ಯಾವಾಗ ಕಲಿತೆ?"

"ಅಪ್ಪ ಹೋದ ವರ್ಷ, ಇಸ್ಕೂಲಲ್ಲಿ. ನೀನು ಕೇಳಲೇ ಇಲ್ಲ."

ಬಿಳಿ ಬಾವುಟ ಏರಿದ ಬೆಳಿಗ್ಗೆ ಕುನಿಯೊ ಬಿಸಿ ಸಾರು ಕುಡಿದು, ಅನ್ನದ ಉಂಡೆಗಳ ಬುತ್ತಿ ಕಟ್ಟಿಕೊಂಡು ದೋಣಿ ಇಳಿಸಿದ. ಎಂಜಿನ್ ಶಿನ್‌ಪೇಯ ಕೈಯಲ್ಲಿತ್ತು. ಎಲ್ಲ ದೋಣಿಗಳೂ ಒಟ್ಟಿಗೆ ಗುಡುಗಿದವು. ಬಂದರಿನ ಅಲೆತಡೆ ಗೋಡೆಯ ತುದಿ ದಾಟುವಾಗ ಕುನಿಯೊ ಒಮ್ಮೆ ಹಿಂತಿರುಗಿ ನೋಡಿದ. ಅಲ್ಲಿ ಕೆಂಪು ಬಾವುಟ ಹಾರುತ್ತಿತ್ತು.

'ನೋಡಿದ್ಯಾ,' ಎಂದಿತು ದನಿ. 'ತಿರುಗಿಸು.'

ಇಲ್ಲದ್ದು ಕಾಣುವುದು ಅವನಿಗೆ ಹೊಸದಲ್ಲ. ಇದೂ ತನ್ನೊಬ್ಬನ ಕಣ್ಣಿಗೇ ಕಾಣುವ ಕೆಂಪು, ಎಲ್ಲ ಇಲ್ಲಿಗೆ ಮುಗಿಯಿತು ಅಂದುಕೊಂಡ. ಅಷ್ಟರಲ್ಲಿ ಪಕ್ಕದ ದೋಣಿಯ ಇಗರಾಶಿ ಎಂಜಿನ್ ತಗ್ಗಿಸಿ ಕೂಗಿದ.

"ಏನಯ್ಯಾ ಅದು, ಈಗ ತಾನೇ ಬಿಳಿ ಏರಿಸಿ ಈಗ ಕೆಂಪು?"

ಕುನಿಯೊ ಅವನ ಮುಖ ನೋಡಿದ. "ನಿನಗೂ ಕಾಣ್ತಿದೆಯಾ?"

"ಯಾಕೆ, ನನಗೇನು ಕಣ್ಣಿಲ್ವಾ?"

"ನನಗೂ ಕಾಣ್ತಿದೆ ಅಣ್ಣ," ಎಂದ ಶಿನ್‌ಪೇ.

ಸುತ್ತಲಿನ ದೋಣಿಗಳೆಲ್ಲ ಒಂದೊಂದಾಗಿ ನಿಧಾನಿಸಿದವು. ಗಂಡಸರೆಲ್ಲ ಎದ್ದು ನಿಂತು, ಹಣೆಗೆ ಕೈ ಅಡ್ಡ ಹಿಡಿದು, ಅವನಿಗೆ ಕಂಡ ಕೆಂಪನ್ನೇ ನೋಡುತ್ತಿದ್ದರು. ಕುನಿಯೊ ಇನ್ನೊಮ್ಮೆ ಸರಿಯಾಗಿ ನೋಡಿದ. ಕಂಬದ ಮೇಲೆ ಬಿಳಿ ಹಾಗೇ ಇತ್ತು. ಕೆಂಪು ಇದ್ದದ್ದು ಅದರ ಕೆಳಗೆ, ಅಲೆತಡೆಯ ಮೇಲೆ. ಅವನ ಗುಂಪಿನವರೆಲ್ಲ ಅಲ್ಲಿ ಸಾಲಾಗಿ ನಿಂತಿದ್ದರು. ನಡುವೆ ಹಾಗಿನೊ ಅಜ್ಜಿ ಒಂದು ಕೆಂಪು ಬಟ್ಟೆಯನ್ನು ಎರಡು ಕೈಯಲ್ಲೂ ಎತ್ತಿ ಬೀಸುತ್ತಿದ್ದಳು. ಅದರ ಮೇಲೆ ಬಿಳಿ ಬಣ್ಣದಲ್ಲಿ, ಕಡಲಿಗೂ ಕಾಣುವಷ್ಟು ದಪ್ಪವಾಗಿ, ಅವನ ಕಾಯಿಲೆಯ ಹೆಸರು ಬರೆದಿತ್ತು.

ಕುನಿಯೊನಿಗೆ ನಗು ತಡೆಯಲಾಗಲಿಲ್ಲ. ದೋಣಿ ಅಲ್ಲಾಡುವಷ್ಟು ನಕ್ಕ.

"ಅದು ನನ್ನ ಕಾಯಿಲೆ ಕಣ್ರಯ್ಯಾ," ಎಂದು ಎಲ್ಲ ದೋಣಿಗಳಿಗೂ ಕೇಳುವಂತೆ ಕೂಗಿದ. "ನಮ್ಮೋರು ನನ್ನನ್ನ ಕಳಿಸಿಕೊಡೋಕೆ ಬಂದು ಹಾರಿಸ್ತಿದ್ದಾರೆ. ಬಾವುಟ ಬಿಳೀನೇ ಇದೆ. ನಡೀರಿ, ನಡೀರಿ."

ವರ್ಷಗಟ್ಟಲೆ ದಡದಲ್ಲೇ ಉಳಿದವನ ಮಾತಿಗೆ ಶಿರಾನೈಯ ದೋಣಿಗಳೆಲ್ಲ ಮತ್ತೆ ಗುಡುಗಿ ಹೊರಟವು.

ಪಾಚಿ ದಟ್ಟವಾಗಿತ್ತು. ಗಳು ಇಳಿಸಿ, ತಿರುಚಿ, ಮೈಭಾರ ಬಿಟ್ಟು ಎಳೆದರೆ ಕಂದು ಪಟ್ಟಿಗಳು ಹೊಳೆಯುತ್ತ ಮೇಲೆ ಬಂದವು. ನಡುವೆ ದನಿ ಮತ್ತೆ ಬಂತು. ಕುನಿಯೊ ಬುತ್ತಿ ಬಿಚ್ಚಿ ಒಂದು ಉಂಡೆಯನ್ನು ದೋಣಿಯ ಮೂತಿಯಲ್ಲಿಟ್ಟ. "ಅಪ್ಪ, ತಿನ್ನಿ. ತಿಂದು ಮನೆಗೆ ನಡೀರಿ." ಇನ್ನೊಂದನ್ನು ತಾನು ತಿಂದ.

ಅಂಚಿನವರೆಗೆ ಭಾರವಾಗಿ ದೋಣಿ ಮರಳಿದಾಗ ಗುಂಪಿನವರೆಲ್ಲ ಮೊಣಕಾಲವರೆಗೆ ನೀರಿಗಿಳಿದು ಕಾದಿದ್ದರು. ಪಾಚಿಯನ್ನು ಕಲ್ಲುಗಳ ಮೇಲೆ ಹರವಿದವರೂ ಅವರೇ. ಬಾವುಟದ ಹಿರಿಯ ಸಿಟ್ಟಾಗಿ ಬಂದು ಅಜ್ಜಿಯ ಎದುರು ನಿಂತ.

"ಇನ್ನೊಂದ್ಸಲ ಇಲ್ಲಿ ಕೆಂಪು ಬೀಸಿದ್ರೆ ನೋಡು."

"ಗಣಿ ಊರಿನೋಳಿಗೆ ನಿಮ್ಮ ಬಾವುಟದ ಬಣ್ಣ ಏನು ಗೊತ್ತು? ಮುಂದಿನ ಸಲ ಹಸಿರು ತರ್ತೀನಿ ಬಿಡಣ್ಣ," ಎಂದಳು ಅಜ್ಜಿ, ಕತ್ತೆತ್ತದೆ ಪಾಚಿ ಹರವುತ್ತ.

ಅಪ್ಪನ ದನಿ ಪೂರ್ತಿ ಹೋಗಲೇ ಇಲ್ಲ. ಪ್ರತಿ ಬೇಸಿಗೆ ಬಂತು, ಉಂಡೆ ತಿಂದು ಹೋಯಿತು. ಆ ಕೆಂಪು ಬಟ್ಟೆಯನ್ನು ಅವನಿಗೆ ಬಿಟ್ಟು ಅಜ್ಜಿ ತೀರಿಕೊಂಡ ಮೇಲೆ ಹೊಸಬರು ಬಂದಾಗ ಬೆಂಚಿನ ಮೇಲೆ ಕೂತು ಅವರವರ ದನಿಗಳ ಪಾತ್ರ ಮಾಡಿದವನು ಕುನಿಯೊನೇ, ಹಟಮಾರಿಯಾಗಿ. ಕಳೆದ ಬೇಸಿಗೆಯಲ್ಲಿ, ಶ್ವಾಸಕೋಶ ಸೋತಿದ್ದಾಗಲೂ, ಬಿಳಿ ಏರಿದ ಬೆಳಿಗ್ಗೆ ಅವನ ದೋಣಿ ಎಲ್ಲರ ಜೊತೆ ಇಳಿಯಿತು. ಹಕ್ಕು ಕೊನೆಯವರೆಗೂ ಅವನ ಹೆಸರಲ್ಲೇ ಇತ್ತು.