ಡಾಬಕಾದ ಆರು ಹೆಂಗಸರ ದನಿ

ಮಚ್ಛೇಂದ್ರನದು ಏನು ಕೆಲಸ ಎಂದು ಕೇಳಿದರೆ ಅವನ ಹೆಂಡತಿ ಮಹಾಮಾಯಾ ಇವತ್ತಿಗೂ ತಡವರಿಸುತ್ತಾಳೆ. “ಮಂದಿ ಮಾತಾಡ್ತಾರ್ರಿ, ಇವರು ಕೇಳ್ಕೋತ ಕೂಡ್ತಾರ. ಅದೇ ನೌಕರಿ” ಎಂದು ಮುಗಿಸಿಬಿಡುತ್ತಾಳೆ. ಅವಳು ಹೇಳುವುದು ಸುಳ್ಳೇನಲ್ಲ. ಹನ್ನೆರಡು ವರ್ಷ ಅವನು ಹೆಗಲಿಗೊಂದು ಚೀಲ, ಚೀಲದಲ್ಲಿ ಅಂಗೈಯಗಲದ ರೆಕಾರ್ಡರು ಇಟ್ಟುಕೊಂಡು ಬೀದರಿನಿಂದ ಬಸ್ಸು ಹತ್ತಿದ. ಭಾಲ್ಕಿ, ಔರಾದ ತಾಲ್ಲೂಕಿನ ಹಳ್ಳಿಗಳ ಮುದುಕ ಮುದುಕಿಯರ ಮಾತು ಹಿಡಿದು ತಂದ. ಇದೂ ಒಂದು ಕೆಲಸವೇ ಎಂದು ನಗುವವರು ಬೇಕಾದರೆ ಒಮ್ಮೆ ಹೋಗಿ ನೋಡಲಿ, ಯಂತ್ರ ಎದುರಿಗಿಟ್ಟ ಕೂಡಲೇ ಎಂಥ ಮಾತುಗಾರನಿಗೂ ನಾಲಿಗೆ ಒಣಗುತ್ತದೆ.

ಕೆಲಸ ಕೊಟ್ಟದ್ದು ಬೀದರಿನ ಒಂದು ಮಹಡಿಯ ಮೇಲಿದ್ದ ಭಾಷಾ ಅಧ್ಯಯನ ಕೇಂದ್ರ. ಅದನ್ನು ನಡೆಸುತ್ತಿದ್ದ ಸರಿತಾ ಮೇಡಂ ಭಾಲ್ಕಿಯವರು, ಒಳ್ಳೆಯ ಹೆಂಗಸು. ಮೊದಲ ದಿನವೇ ಅವನಿಗೆ ತಿಳಿಯುವಂತೆ ಹೇಳಿದ್ದರು. “ನೋಡ್ರಿ, ಕಂಪ್ಯೂಟರಿನೊಳಗ ಒಂದು ಸುಳ್ಳೂರು ಕಟ್ಟತೀವಿ. ಅದರಾಗ ಮುದುಕ್ರು, ಹುಡುಗ್ರು, ಸೊಸ್ತ್ಯಾರು, ಸಾಲಿ, ಸಂತಿ ಎಲ್ಲಾ ಇರ್ತಾವ. ನೀವು ತಂದ ಮಾತು ಅವರ ಬಾಯಾಗ ಇಡ್ತೀವಿ. ಐವತ್ತು ವರ್ಷ ಮುಂದ ಓಡಸ್ತೀವಿ. ಯಾವ ಮಾತು ಉಳೀತದ, ಯಾವುದು ಸಾಯ್ತದ, ಅದು ಹೇಳ್ತದ.” ಒಂದೇ ಷರತ್ತು, ಇವತ್ತು ಮಾತಾಡಿದವರನ್ನೇ ಹತ್ತು ವರ್ಷ ಬಿಟ್ಟು ಮತ್ತೆ ಮಾತಾಡಿಸಬೇಕು. ಆ ಎರಡರ ನಡುವಿನ ಅಂತರದಿಂದಲೇ ಬದಲಾವಣೆಯ ವೇಗ ತಿಳಿಯುವುದು.

ಎರಡು ಸಾವಿರದ ಹದಿಮೂರರ ಕೊನೆಗೆ ಅವನ ಹುಟ್ಟೂರು ಡಾಬಕಾದ ಸರದಿ ಬಂತು. ಐವತ್ತೈದು ದಾಟಿದ ಹನ್ನೆರಡು ಹೆಂಗಸರು ಬೇಕು, ಸೋಮವಾರದೊಳಗೆ. ಹೊಲದಲ್ಲಿ ತೊಗರಿ ಕೊಯ್ಲಿಗೆ ಬಂದಿತ್ತು, ಹೆಂಗಸರು ನಸುಕಿಗೆ ಹೋದವರು ಕತ್ತಲಾದ ಮೇಲೆ ಬರುತ್ತಿದ್ದರು. ಹೇಗೋ ಆರು ಮಂದಿ ಸಿಕ್ಕರು. ಉಳಿದ ಆರು? ಮಚ್ಛೇಂದ್ರ ತಲೆ ಮೇಲೆ ಕೈ ಹೊತ್ತು ಮನೆಯ ಕಟ್ಟೆಯ ಮೇಲೆ ಕೂತಿದ್ದಾಗ ಅವನ ತಾಯಿ ಶಾಲುಬಾಯಿ ಹೊರಗೆ ಬಂದಳು.

“ಅದಕ್ಯಾಕ ಹಂಗ ಕುಂತೀಯೋ? ಯಾರ್ಯಾರ ಹೆಸರ ಬೇಕ ಹೇಳು. ನಾ ಮಾತಾಡ್ತೇನಿ.”

“ನೀ ಮಾತಾಡಿದ್ರ ಹ್ಯಾಂಗ ನಡೀತದವ್ವ? ನನ್ನ ಮನಿಯವರದು ತಗೋಬಾರ್ದಂತ ಕಾಯ್ದಾ ಅದ.”

“ನಳದ ತಕರಾರಿಗಿ, ರೇಷನ್ನಿಗಿ ಓಣಿಯವರ ಪರವಾಗಿ ಯಾರ ಮಾತಾಡ್ತಾರ? ನಾನೇ. ಅವರು ಹೊಲದಾಗ ಇರ್ತಾರ, ನಾ ಹೇಳಿದ್ರ ಅವರು ಹೇಳಿದಂಗೇ. ತಗಿ ನಿನ್ನ ಮಷೀನು.”

ಹೇಳಿದ್ದು ನಿಜವೇ ಆಗಿತ್ತು. ಇದ್ದವರು ಇಲ್ಲದವರ ಪರ ಮಾತಾಡುವುದನ್ನು ಆ ಓಣಿಯಲ್ಲಿ ಯಾರೂ ಮೋಸ ಎಂದವರಲ್ಲ. ಶಾಲುಬಾಯಿ ಸೆರಗು ಸರಿಮಾಡಿಕೊಂಡು ಆರು ಸಲ ಕೂತಳು, ಆರು ಹೆಸರು ಹೇಳಿದಳು, ಆರು ಒಪ್ಪಿಗೆ ಕಾಗದಕ್ಕೆ ತನ್ನದೇ ಹೆಬ್ಬೆಟ್ಟು ಒತ್ತಿದಳು. ಜನ್ಮದಲ್ಲಿ ಒಂದು ಕುರಿ ಸಾಕದವಳು ಕುರಿಮನೆಯ ಸಖುಬಾಯಿಯಾಗಿ “ನಲವತ್ತ ಕುರಿ ನೋಡ್ರಿ ನಮ್ಮವು, ಅದರಾಗ ಒಂದು ಹರಾಮಿ, ನನ್ನ ಸೆರಗೇ ತಿಂತದ” ಎಂದಾಗ ಮಚ್ಛೇಂದ್ರ ನಗು ತಡೆಯಲಾರದೆ ಬಾಯಿಗೆ ಟವೆಲು ತುರುಕಿಕೊಂಡ. ಸೋಮವಾರ ಹನ್ನೆರಡೂ ದನಿ ಬೀದರ ಸೇರಿದವು.

ಅವನಿಗೆ ಹೊಳೆಯದೇ ಹೋದದ್ದು ಒಂದೇ ಮಾತು. ಶಾಲುಬಾಯಿ ಡಾಬಕಾದವಳಲ್ಲ, ಬೀದರ ತಾಲ್ಲೂಕಿನ ಮನ್ನಳ್ಳಿಯಿಂದ ಮದುವೆಯಾಗಿ ಬಂದವಳು. ಡಾಬಕಾದ ಹೆಂಗಸರ ಬಾಯಲ್ಲಿ ಅರ್ಧ ಮರಾಠಿ, ಅವಳದು ತವರಿನ ಗಟ್ಟಿ ಕನ್ನಡ. ನಲವತ್ತು ವರ್ಷ ಅಲ್ಲಿ ಬಾಳಿದರೂ ಅದು ಸಡಿಲಾಗಿರಲಿಲ್ಲ.

ಕರೋನಾದ ಎರಡನೆಯ ವರ್ಷ ಶಾಲುಬಾಯಿ ತೀರಿಕೊಂಡಳು. ಮನೆಯಲ್ಲಿ ಉಳಿದದ್ದು ಒಂದು ಫೋಟೋ. ಅವಳ ದನಿ ಲೋಕದಲ್ಲಿ ಇದ್ದದ್ದು ಒಂದೇ ಕಡೆ, ಆಫೀಸಿನ ಕಂಪ್ಯೂಟರಿನಲ್ಲಿ, ಬೇರೆಯವರ ಹೆಸರಿನಲ್ಲಿ. ಅಲ್ಲಿಂದ ಏನನ್ನೂ ಹೊರಗೆ ಒಯ್ಯುವಂತಿರಲಿಲ್ಲ, ಒಯ್ಯುವ ಮನುಷ್ಯನೂ ಅವನಲ್ಲ. ತಿಂಗಳಿಗೊಮ್ಮೆ ಎಲ್ಲರೂ ಊಟಕ್ಕೆ ಎದ್ದಾಗ ಕಿವಿಗೆ ಹೆಡ್‌ಫೋನು ಹಾಕಿಕೊಂಡು ತಾಯಿಯನ್ನು ಕೇಳುತ್ತಿದ್ದ. ಕಣ್ಣೀರು ಒರೆಸಿಕೊಂಡು ಆಮೇಲೆ ಬುತ್ತಿ ಬಿಚ್ಚುತ್ತಿದ್ದ.

ಹೋದ ವರ್ಷ ಎರಡನೆಯ ಸುತ್ತು. ಅವ್ವ ಹೆಸರು ಹೇಳಿದ್ದ ಆ ಆರರಲ್ಲಿ ಬದುಕುಳಿದ ನಾಲ್ವರನ್ನು ಈ ಸಲ ಅವನು ಹೊಲಕ್ಕೇ ಹೋಗಿ ಮಾತಾಡಿಸಿದ. ಪ್ರಾಮಾಣಿಕವಾಗಿ ಮಾಡಿದ್ದೇ ಮುಳುವಾಯಿತು. ಕಂಪ್ಯೂಟರಿನ ಸುಳ್ಳೂರಿನಲ್ಲಿ ಡಾಬಕಾದ ಕನ್ನಡದ ಗೆರೆ ಧಡಕ್ಕನೆ ಕೆಳಗಿಳಿಯಿತು. “ಹದಿನೆಂಟ ವರ್ಷರಿ, ಮಚ್ಛೇಂದ್ರ ಅವರೇ. ಅಷ್ಟರಾಗ ಆ ಊರಾಗ ಕನ್ನಡನೇ ಇರಂಗಿಲ್ಲ” ಎಂದರು ಸರಿತಾ. ಇಷ್ಟು ವೇಗ ಅವರು ಎಲ್ಲಿಯೂ ಕಂಡಿರಲಿಲ್ಲವಂತೆ. ಅವರ ಮಾತಿನಲ್ಲಿ ದುಃಖವೂ ಇತ್ತು, ದೊಡ್ಡದೇನೋ ಸಿಕ್ಕ ಹುರುಪೂ ಇತ್ತು.

ಮೊದಲ ಸುತ್ತಿನಲ್ಲಿದ್ದದ್ದು ಅವ್ವನ ತವರಿನ ಕನ್ನಡ ಎಂದು ಮಚ್ಛೇಂದ್ರನಿಗೆ ಆಗ ಹೊಳೆಯಿತು. ಬಾಯಿ ಬಿಟ್ಟರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಭಾಲ್ಕಿ ಕಡೆ ಇದೇ ಕೆಲಸ ಮಾಡುತ್ತಿದ್ದ ಅಮಿತಕುಮಾರ ಹೆಸರು ಅದಲು ಬದಲು ಮಾಡಿ ಸಿಕ್ಕಿಬಿದ್ದಾಗ ಅವನು ತಂದ ದನಿಗಳನ್ನೆಲ್ಲ ಅಳಿಸಿಹಾಕಿದ್ದರು. ನೌಕರಿ ಹೋದರೆ ಹೋಗಲಿ. ಅವ್ವನ ದನಿ ಹೋದರೆ ಎಲ್ಲಿಂದ ತರುವುದು? ಸುಮ್ಮನಿದ್ದುಬಿಟ್ಟ.

ಆದರೆ ಸರಿತಾ ಸುಮ್ಮನಿರಲಿಲ್ಲ. ವರದಿ ಬರೆಯುವ ಮೊದಲು ಆ ಹೆಂಗಸರನ್ನು ಕಂಡು ಬರುತ್ತೇನೆಂದು ಅವನನ್ನು ಕರೆದುಕೊಂಡು ಡಾಬಕಾಕ್ಕೇ ಬಂದರು. ಸಖುಬಾಯಿಯ ಅಂಗಳದಲ್ಲಿ ಓಣಿಯವರೆಲ್ಲ ನೆರೆದರು. ಸರಿತಾ ಲ್ಯಾಪ್‌ಟಾಪು ತೆರೆದು, “ಅಜ್ಜಿ, ಹತ್ತ ವರ್ಷದ ಹಿಂದಿನ ನಿಮ್ಮ ಮಾತು ಕೇಳ್ರಿ” ಎಂದು ಹಚ್ಚಿದರು.

“ನಲವತ್ತ ಕುರಿ ನೋಡ್ರಿ ನಮ್ಮವು...”

ಸತ್ತವಳ ದನಿ! ನೆರೆಮನೆಯ ಸುಂದರಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. ಸಖುಬಾಯಿ ಒಮ್ಮೆ ಮಚ್ಛೇಂದ್ರನ ಮುಖ ನೋಡಿದಳು. ಅವಳು ಅವನನ್ನು ಎತ್ತಿ ಆಡಿಸಿದವಳು, ಆ ಮುಖದಲ್ಲೇ ಎಲ್ಲ ಓದಿಕೊಂಡಳು.

“ಹೌದ್ರಿ ಬಾಯಿ, ನಂದೇ ಆವಾಜ” ಎಂದಳು.

“ಮತ್ತ ಈಗ ಯಾಕ ಹಿಂಗ ಮಾತಾಡಂಗಿಲ್ಲಜ್ಜಿ?”

“ಮರತೇನ್ರಿ. ವಯಸ್ಸಾಯ್ತು, ನನ್ನ ಮಾತೇ ನನಗ ಮರತೋಯ್ತು.”

ಸರಿತಾ ಅದನ್ನು ಅಕ್ಷರ ಬಿಡದೆ ಬರೆದುಕೊಂಡರು. ಹುಟ್ಟಿದಾಗಿನಿಂದ ಒಂದೇ ರೀತಿ ಮಾತಾಡಿಕೊಂಡು ಬಂದ ಎಪ್ಪತ್ತರ ಮುದುಕಿ, ಮೊಮ್ಮಕ್ಕಳ ಎದುರಿಗೆ, ತನಗೆ ಮಾತೇ ಮರೆತಿದೆ ಎಂದು ತಲೆ ತಗ್ಗಿಸಿ ಕೂತಿದ್ದಳು. ಮಚ್ಛೇಂದ್ರನಿಗೆ ತಡೆಯಲಾಗಲಿಲ್ಲ.

“ಮೇಡಂ, ಬಂದ ಮಾಡ್ರಿ ಅದು. ಸಖು ಮಾವಶಿ ಏನೂ ಮರತಿಲ್ಲ. ಅದು ನಮ್ಮವ್ವನ ದನಿ. ಆರೂ ನಮ್ಮವ್ವಂದೇ.”

ಸರಿತಾ ಲ್ಯಾಪ್‌ಟಾಪು ಮುಚ್ಚಿ ಎದ್ದು ಜೀಪು ಹತ್ತಿದರು. ಎರಡು ದಿನ ಬಿಟ್ಟು ಆಫೀಸಿಗೆ ಕರೆಸಿದರು. ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. “ಒಂದೇ ಒಂದು ಕಾಪಿ ಕೊಡ್ರಿ ಮೇಡಂ, ನಿಮ್ಮ ಕಾಲ ಬೀಳ್ತೇನಿ” ಎಂದು ಅವನು ಗೋಗರೆದ.

“ಯಾರ ಹೆಸರಿಲೇ ಕೊಡ್ಲಿ? ಹೆಬ್ಬೆಟ್ಟು ನಿಮ್ಮವ್ವಾರದಿರಬಹುದು. ಕಾಗದದಾಗ ಅವರ ಹೆಸರೇ ಇಲ್ಲಲ್ರಿ. ಮ್ಯಾಲಿನವರು ಇವತ್ತೇ ಅಳಸ್ರಿ ಅಂದಾರ. ನನ್ನ ಕೈಯಾಗ ಏನೂ ಉಳದಿಲ್ಲ.” ಅವರ ಕಣ್ಣೂ ಒದ್ದೆಯಾಗಿತ್ತು. ಒದ್ದೆಯಾದರೆ ಏನು ಬಂತು? ಅಳಿಸಲು ಬಹಳ ಹೊತ್ತು ಹಿಡಿಯುತ್ತದೆಂದು ಅವನು ಕುರ್ಚಿ ಎಳೆದುಕೊಂಡಿದ್ದ. ಕೂರುವಷ್ಟರಲ್ಲಿ ಮುಗಿದಿತ್ತು. ಅರ್ಧ ಸುಳ್ಳಾದ ಮೇಲೆ ಉಳಿದರ್ಧವನ್ನು ನಂಬುವವರು ಯಾರು? ಡಾಬಕಾದ ಹನ್ನೆರಡೂ ಹೋದವು, ಎರಡೂ ಸುತ್ತಿನವು. ಅವನ ನೌಕರಿಯೂ ಹೋಯಿತು.

ಮರುವಾರ ಡಾಬಕಾಕ್ಕೆ ಹೋದಾಗ ಸಖುಬಾಯಿ ಅಂಗಳದಲ್ಲೇ ಸಿಕ್ಕಳು. ಚಹಾ ಮಾಡಿಸಿ ಕೊಟ್ಟು, ಹತ್ತಿರ ಸರಿದು ಕೂತಳು.

“ಬಾಳಾ, ಮಗಾ, ಅವತ್ತ ನೀ ನಡುವೇ ಬಂದ ಮಾಡ್ಸಿದಿ. ಶಾಲು ಮುಂದ ಏನಂದಾಳ, ಪೂರಾ ಕೇಳಸು. ಭಾಳ ನೆನಪ ಬರ್ತದಪಾ ಅಕಿದು.”

“ಇಲ್ಲ ಮಾವಶಿ. ಅಳಸ್ಯಾರ.”

“ಅಳಸ್ಯಾರ ಅಂದ್ರ?”

“ಎಲ್ಲೂ ಇಲ್ಲ ಈಗ.”

ಮುದುಕಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವನ ರಟ್ಟೆ ಹಿಡಿದು ಅಲುಗಾಡಿಸಿದಳು.

“ನಂದೇ ಅಂತ ಹೇಳಿದ್ನಲ್ಲೋ ನಾ! ನೀ ಸುಮ್ಮಕಿದ್ದಿದ್ರ ಅಕಿ ಉಳೀತಿದ್ಲು.”