ಬುಟ್ಟಿಗೆ ಕಿವಿ ಹಚ್ಚುತ್ತಿದ್ದವರು

ಅವರ ಬಲಗಿವಿಯ ಮೇಲೆ ಸದಾ ಒಂದು ಗೀರು ಇರುತ್ತಿತ್ತು. ಹಳೆಯದು ಮಾಯುವಷ್ಟರಲ್ಲಿ ಹೊಸದು. ಸ್ಟೇಷನ್ನಿಗೆ ಬಂದ ಪ್ರತಿ ಬಿದಿರುಬುಟ್ಟಿಗೂ ಬಗ್ಗಿ ಕಿವಿ ಹಚ್ಚಿ ಕೇಳುತ್ತಿದ್ದರು, ಸಿಬಿರು ತಾಗಿ ತಾಗಿ ಹಾಗಾಗಿತ್ತು.

ಆದೋನಿಗೂ ಕೋಸಗಿಗೂ ನಡುವಿನ ಒಂದು ಸಣ್ಣ ಸ್ಟೇಷನ್ನಿನಲ್ಲಿ ಅವರು ಪಾರ್ಸಲ್ ಗುಮಾಸ್ತರು. ನಾನು ಅವರ ಕೈಕೆಳಗೆ ಹೊಸದಾಗಿ ಸೇರಿದವನು. ನಮ್ಮ ತಾಲೂಕು ಆಂಧ್ರಕ್ಕೆ ಸೇರಿ ಎರಡು ವರ್ಷವೂ ಆಗಿರಲಿಲ್ಲ. ಅಬ್ಬಾ, ಆ ಮನುಷ್ಯ ಕೂತದ್ದನ್ನು ನಾನು ಒಂದೇ ಒಂದು ಸಲ ಕಂಡಿದ್ದೇನೆ! ರೊಟ್ಟಿಯನ್ನೂ ಪ್ಲಾಟ್‌ಫಾರಂ ಮೇಲೆ ಅಡ್ಡಾಡುತ್ತಲೇ ತಿನ್ನುತ್ತಿದ್ದರು. "ಒಂದೀಟು ಕುಂದ್ರರೀ" ಎಂದರೆ, "ಕುಂತು ಆಗಿದ್ದು ಸಾಕು ತಮ್ಮಾ" ಎನ್ನುತ್ತಿದ್ದರು.

ಆಗಿದ್ದೇನೆಂದು ಅವರೇ ಹೇಳಿದರು. ಹಿಂದೊಮ್ಮೆ ಮದರಾಸಿಗೆ ಹೊರಟ ಗಿಳಿಮರಿಗಳ ಬುಟ್ಟಿ ಬಂದಿತ್ತು. ಗಾಡಿ ತಡ. ಮುದ್ರೆ ಹಾಕಿದ್ದನ್ನು ಬಿಚ್ಚಬಾರದೆಂದು ಇವರು ಕುರ್ಚಿ ಬಿಟ್ಟೇಳಲಿಲ್ಲ. ಒಳಗಿನ ಚೀರಾಟ ಕಡಿಮೆಯಾದಾಗ ಮರಿಗಳು ನಿದ್ದೆ ಹೋದವೆಂದುಕೊಂಡರು. "ಎಲ್ಲಾ ಸತ್ತಿದ್ದವು. ನಾ ಮುದ್ರಿ ಕಾದೆ, ಜೀವ ಕಾಯಲಿಲ್ಲ."

ಊರಿಗೆಲ್ಲ ಇವರ ಕಿವಿ ಒಂದು ತಮಾಷೆ. ಗಿಳಿ, ಮುಂಗುಸಿ, ಆಮೆ ಹಿಡಿದು ಮಾರುವುದು ಆಗ ಯಾರಿಗೂ ತಪ್ಪೆನಿಸುತ್ತಿರಲಿಲ್ಲ. ಸುಳ್ಳೇಕೆ, ನನಗೂ ಅನಿಸಿರಲಿಲ್ಲ.

ಒಂದು ಮಧ್ಯಾಹ್ನ ಅವರು ಗೂಡ್ಸ್ ಷೆಡ್ಡಿನ ಕಡೆ ಹೋಗಿದ್ದಾಗ ವ್ಯಾಪಾರಿಯೊಬ್ಬ ಬುಟ್ಟಿ ತಂದ. ನಾನು ಮುಚ್ಚಳ ಸರಿಸಿ ನೋಡಿದೆ. ಚಿಪ್ಪಿಗೆ ಹಳದಿ ಗೆರೆಯ ಆಮೆಗಳು. ಪಾರ್ಸಲ್ ಚೀಟಿಯಲ್ಲಿ ಜೀವಂತ ಪ್ರಾಣಿ ಎಂದು ಬರೆದರೆ ನೀರು, ಮೇವು, ಜೊತೆಗೊಬ್ಬ ಆಳು ಎಲ್ಲ ಬೇಕು. "ಸೀತಾಫಲಂ ಅನಿ ರಾಯಂಡಿ ಸಾರ್" ಎಂದು ಕೈ ಮುಗಿದ. ನನ್ನನ್ನು ಸಾರ್ ಎಂದ ಮೊದಲ ಮನುಷ್ಯ ಅವನು. ಸೀತಾಫಲ ಎಂದು ಬರೆದುಬಿಟ್ಟೆ.

ಗುಮಾಸ್ತರು ಬಂದು ಬುಟ್ಟಿಗೆ ಕಿವಿ ಹಚ್ಚಿದರು. "ತಮ್ಮಾ, ಈ ಸೀತಾಫಲಕ್ಕ ಉಗುರು ಅದಾವು!"

ಬಿಚ್ಚಿದರೆ, ಅಲ್ಲಾಡದಂತೆ ಒಂದರ ಮೇಲೊಂದು ಅಂಗಾತ ಪೇರಿಸಿದ ಆಮೆಗಳು. ಹಮಾಲರು ನಕ್ಕರು. "ಆಮಿಗೇನಾಗತೈತ್ರೀ, ಕಲ್ಲಿದ್ದಂಗ ಇರತೈತಿ."

"ತಾಬೇಲುಕಿ ಕೂಡಾ ಚಟ್ಟಮಾ ಸಾರ್?" ಎಂದ ವ್ಯಾಪಾರಿ.

"ಆಮಿಗೆ ಕಾನೂನಿಲ್ಲ, ಖರೇ ಐತಿ. ಸುಳ್ಳು ಚೀಟಿಗೆ ಐತಲ್ಲ!"

ವ್ಯಾಪಾರಿ ಬುಟ್ಟಿ ಬಿಟ್ಟು ಜಾಗ ಖಾಲಿ ಮಾಡಿದ. ಗುಮಾಸ್ತರು ನನ್ನತ್ತ ತಿರುಗಿದರು. "ನೀ ಮುಚ್ಚಳ ತಗದು ನೋಡಿದ್ದೇನು?"

"ಇಲ್ರೀ" ಎಂದೆ.

ಸಂಜೆ ಇಬ್ಬರೂ ಬುಟ್ಟಿ ಹೊತ್ತು ಊರಾಚೆಯ ಕಲ್ಲುಗುಡ್ಡಕ್ಕೆ ಹೋದೆವು. ಒಂದೊಂದನ್ನೇ ಕಾಲ ಮೇಲೆ ನಿಲ್ಲಿಸಿದರು. ಕೊನೆಯದು ತಲೆ ಹೊರಗೆ ಹಾಕಲು ಬಹಳ ಹೊತ್ತು ಹಿಡಿಯಿತು. ಅದು ಪೊದೆ ಸೇರುವವರೆಗೆ ಅವರು ಬಂಡೆಯ ಮೇಲೆ ಕೂತಿದ್ದರು.

ಚೀಟಿ ತೋರಿಸಿ, ತನ್ನ ಸೀತಾಫಲದ ಬುಟ್ಟಿ ಕಳೆದಿದೆಯೆಂದು ವ್ಯಾಪಾರಿ ಅರ್ಜಿ ಹಾಕಿದ. ವಿಚಾರಣೆಗೆ ಬಂದ ಅಧಿಕಾರಿ ಚೀಟಿ ಬರೆದವರು ಯಾರೆಂದು ಕೇಳಿದ. ಗುಮಾಸ್ತರೇ ಮುಂದೆ ಬಂದರು. "ಇಂವ ಹೊಸಬ ರೀ, ಮೋಸ ಹೋಗ್ಯಾನ. ಬುಟ್ಟಿ ಬಿಚ್ಚಿದಾಂವ ನಾನು, ಬಿಟ್ಟಾಂವನೂ ನಾನ." ನನ್ನ ಕೆಲಸ ಉಳಿಯಿತು. ಅವರನ್ನು ಕೆಳಗಿನ ಕೆಲಸಕ್ಕೆ ಇಳಿಸಿ, ನೀರೂ ಸಿಗದ ದೂರದ ಸ್ಟೇಷನ್ನಿಗೆ ಹಾಕಿದರು.

ಗಾಡಿ ಹತ್ತುವಾಗ ನನ್ನ ಭುಜ ಹಿಡಿದು, "ಮೋಸ ಹೋದದ್ದಕ್ಕ ನಾಚಬ್ಯಾಡ ತಮ್ಮಾ. ಕಿವಿ ಹಚ್ಚೋದು ಕಲಿ" ಎಂದರು.

ಕಲಿತೆ. ಕೆಲಸ ಬಿಡುವತನಕ ಪ್ರತಿ ಬುಟ್ಟಿಗೂ ಕಿವಿ ಹಚ್ಚಿದೆ. ನಿಜ ಹೇಳಿಬಿಡಬೇಕೆಂದು ಎರಡು ಸಲ ಅವರಿದ್ದ ಸ್ಟೇಷನ್ನಿನ ಕಡೆಗಿನ ಗಾಡಿ ಹತ್ತಿದೆ. ಎರಡು ಸಲವೂ ಗುಂತಕಲ್ಲಿನಲ್ಲೇ ಇಳಿದು ವಾಪಸು ಬಂದೆ. ಮೂರನೆಯ ಸಲ ಹೊರಡುವ ಮೊದಲೇ ಅವರು ತೀರಿಕೊಂಡ ಸುದ್ದಿಯನ್ನು ಗಾರ್ಡೊಬ್ಬ ತಂದ.

ನಾನು ಮೋಸ ಹೋಗಿರಲಿಲ್ಲ. ಮುಚ್ಚಳ ತೆಗೆದು ನೋಡಿದ್ದೆ.