ಬಾಯಿಗೆ ಬಟ್ಟೆ ಕಟ್ಟಿಕೊಂಡವಳು

ಮೊನ್ನೆ ಮಾನ್ಮತ್ ಜಂಕ್ಷನ್ ಎಂಬ ಊರಿನ ಹೊಸ ಮನೆಗೆ ಸಾಮಾನು ಸಾಗಿಸುವಾಗ, ಹೈಸ್ಕೂಲಿನಲ್ಲಿ ನಾನು ಡಿಬೇಟ್ ಗೆದ್ದ ಸರ್ಟಿಫಿಕೇಟಿನ ಗಾಜು ಒಡೆಯಿತು. ಚಿನ್ನದ ಅಂಚಿನ ಚೌಕಟ್ಟಿಗೆ ಏನೂ ಆಗಿರಲಿಲ್ಲ. ಹಿಂದಿನ ರಟ್ಟು ಬಿಚ್ಚುತ್ತಿದ್ದಂತೆ ಹಳೆಯ ಅಂಟಿನ ವಾಸನೆ ಬಂತು, ಅದರ ಜೊತೆಗೇ ಜ್ಯಾಕ್ಸನ್ ಹೈಟ್ಸಿನ ಫ್ರೇಮ್ ಅಂಗಡಿಯ ಆಂಟಿ…

ಧಾರವಾಡದ ಕಡೆಯಿಂದ ಈ ದೇಶಕ್ಕೆ ಬಂದವರು. ಶನಿವಾರ ಅಮ್ಮ ದಿನಸಿ ಕೊಳ್ಳುವಷ್ಟು ಹೊತ್ತು ನಾನು ಅಲ್ಲಿ ಕೂರುತ್ತಿದ್ದೆ. ಅಂಕಲ್ ಮುಂದೆ ಗಿರಾಕಿಗಳೊಡನೆ ಮಾತಾಡುತ್ತಿದ್ದರು. ಆಂಟಿ ಹಿಂದಿನ ಮೇಜಿನಲ್ಲಿ ಚೌಕಟ್ಟುಗಳಿಗೆ ಚಿನ್ನದ ರೇಕಿನ ತೆಳು ಹಾಳೆ ಹಚ್ಚುತ್ತಿದ್ದರು. ಅವರ ತಲೆಯ ಮೇಲೆ, ಗೋಡೆಯಲ್ಲಿ, ನಾನೂರು ವರ್ಷ ಹಿಂದಿನ ಪಾಶ್ಚಾತ್ಯ ಬರೋಕ್ ಕಾಲದ ಒಂದು ಮುದ್ರಣಚಿತ್ರ. ಚಿತ್ರಕಲೆಯನ್ನೇ ಹೆಂಗಸಾಗಿ ಬಿಡಿಸಿದ್ದು: ಕೈಯಲ್ಲಿ ಕುಂಚ, ಕೆದರಿದ ಕೂದಲು, ಕೊರಳ ಸರದಲ್ಲಿ ಪುಟ್ಟ ಮುಖವಾಡ, ಬಾಯಿಗೆ ಬಿಗಿದ ಬಟ್ಟೆ.

ನನಗಾಗ ಹದಿನೇಳು. ವಾದಕ್ಕೆ ಎದುರಾಳಿ ಇಲ್ಲದಿದ್ದರೆ ಅನ್ನ ಇಳಿಯುತ್ತಿರಲಿಲ್ಲ. "ನೋಡಿ ಆಂಟಿ, ಹೆಂಗಸರಿಗೆ ಕುಂಚ ಕೊಡದೋರು ಕಲೆಗೆ ಮಾತ್ರ ಹೆಂಗಸಿನ ವೇಷ ಹಾಕಿದಾರೆ. ಮೇಲಿಂದ ಬಾಯಿ ಬೇರೆ ಕಟ್ಟಿದಾರೆ. ಕೇಸ್ ಕ್ಲೋಸ್ಡ್."

ಆಂಟಿ ತಲೆ ಎತ್ತಲಿಲ್ಲ. "ಕಟ್ಟ್ಯಾರ ಅಂತ ಯಾಕಂತಿ? ಕಟ್ಕೊಂಡಾಳ ಅನ್ನು."

ಅಂದವರೇ ದುಪಟ್ಟಾದ ತುದಿಯನ್ನು ತಮ್ಮ ಬಾಯಿಗೂ ಬಿಗಿದುಕೊಂಡರು. ಉಸಿರು ತಾಕಿದರೆ ರೇಕು ಹಾರಿಹೋಗುತ್ತದೆ.

ಅವರ ವಾದ ತಪ್ಪು ಎಂದು ಈಗಲೂ ಹೇಳುತ್ತೇನೆ. ಚಿತ್ರವೆಂದರೆ ಮಾತಿಲ್ಲದ ಕಾವ್ಯ ಎಂಬ ಹಳೆಯ ಮಾತಿಗೆ ಆ ಬಟ್ಟೆ ಗುರುತು. ರೇಕಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಅಂದು ಅದು ನನಗೆ ಗೊತ್ತಿರಲಿಲ್ಲ, ಸೋಲುವ ಮನಸ್ಸೂ ಇರಲಿಲ್ಲ.

"ಹಾಗಾದ್ರೆ ನಿಮ್ದು? ಗೋಲ್ಡ್ ವರ್ಕ್ ಎಲ್ಲಾ ನೀವು ಮಾಡ್ತೀರ. ಅಂಕಲ್ ಎಲ್ಲರ ಹತ್ರ ನಂದೇ ಅಂತಾರೆ. ನೀವು ಕಟ್ಕೊಂಡಿದ್ದಾ, ಅವರು ಕಟ್ಟಿದ್ದಾ?"

ಆಂಟಿಯ ಕೈ ನಿಂತಿತು. ರೇಕು ಮುದುಡಿತು.

"ಏನಂತಾಳ ನಮ್ಮ ಲಾಯರವ್ವ?" ಮುಂದಿನಿಂದ ಅಂಕಲ್ ಕೇಳಿದರು.

"ಏನಿಲ್ರಿ, ಫ್ರೇಮ್ ಕೇಳ್ಲಿಕತ್ತಾಳ," ಎಂದರು ಆಂಟಿ, ಬಟ್ಟೆಯ ಒಳಗಿಂದಲೇ.

ವಾದ ಗೆದ್ದೆ. ಕ್ಷಮೆ ಕೇಳಬೇಕು ಅನ್ನಿಸಿತ್ತು, ಕೇಳಲಿಲ್ಲ… ಕೆಲವು ವಾರಗಳ ನಂತರ ಆಂಟಿ ಈ ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿ ಕೈಗಿಟ್ಟರು. "ಯಾವಾಗರ ಬಿಚ್ಚಿದ್ರ, ಒಳಗ ನೋಡು."

"ಯಾಕೆ ಬಿಚ್ತೀನಿ ಆಂಟಿ? ಗಟ್ಟಿಯಾಗಿದೆಯಲ್ಲ," ಎಂದಿದ್ದೆ.

ಮೊನ್ನೆ ಬಿಚ್ಚಿದ ರಟ್ಟಿನ ಒಳಮೈಯಲ್ಲಿ ಪೆನ್ಸಿಲಿನ ಎರಡು ಸಾಲು. 'ಬಂಗಾರ ಹಚ್ಚಿದಾಕಿ' ಅಂತ ಒಂದು. ಕೆಳಗೆ ಒಂದು ಹೆಸರು. ಆಂಟಿ ತೀರಿಕೊಂಡು ಎರಡು ವರ್ಷವಾಯಿತು. ಅಂಗಡಿಯಲ್ಲೀಗ ಫೋನ್ ಕವರ್ ಮಾರುತ್ತಾರೆ. ಹೆಂಗಸರ ಬಾಯಿ ಕಟ್ಟಿದವರ ಬಗ್ಗೆ ಅಷ್ಟು ಮಾತಾಡಿದ ನಾನು, ಆಂಟಿಯ ಹೆಸರೇನೆಂದು ಒಮ್ಮೆಯೂ ಕೇಳಿರಲಿಲ್ಲ.